ಹುಸೇನಪ್ಪ ಕಾದ ನಾಲ್ಕನೇ ತೊಟ್ಟಿ

ಕಂಪ್ಲಿಯ ಹುಸೇನಪ್ಪ ಯಾರನ್ನೂ ಅಷ್ಟು ಸುಲಭಕ್ಕೆ ನಂಬುವ ಪೈಕಿ ಅಲ್ಲ. ಮದುವೆ ಮನೆಯಲ್ಲಿ ಪಕ್ಕದವನು ಎರಡು ತುತ್ತು ನುಂಗುವ ತನಕ ಎಲೆಗೆ ಕೈ ಹಾಕುವುದಿಲ್ಲ. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಹಾಗಾಗಿ ಡ್ರೈವರನ್ನು ಒಮ್ಮೆ, ಕಂಡಕ್ಟರನ್ನು ಒಮ್ಮೆ, ಕಿಟಕಿ ಪಕ್ಕ ಕೂತ ಮುದುಕಿಯನ್ನು ಒಮ್ಮೆ ಕೇಳಿ, ಮೂವರ ಮಾತೂ ತಾಳೆಯಾದ ಮೇಲೆಯೇ ಕೂರುವುದು. ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಹೋಗುವ ಮುನ್ನಾ ದಿನ ಬುಟ್ಟಿ ತುಂಬ ಮೀನು ಹೊತ್ತು, ಮಾರುವವನಂತೆ ಆ ಓಣಿಯಲ್ಲಿ ಸುತ್ತಿ ಬಂದಿದ್ದ. ನಾಳೆ ಬೇರೆ ಹುಡುಗಿಯನ್ನು ತೋರಿಸಿ ಇವಳನ್ನು ಕಟ್ಟಿಬಿಟ್ಟರೆ? ಹಾಗೇನೂ ಆಗಲಿಲ್ಲ, ನೋಡಿದ ಹುಡುಗಿಯೇ ಮನೆಗೆ ಬಂದಳು. ಆದರೆ ಆ ಜಂಬವ್ವ ಇವತ್ತಿಗೂ ಬಿಟ್ಟಿಲ್ಲ. "ನನ್ನ ಪರೀಕ್ಷಾ ಮಾಡಾಕ ಬಂದಿದ್ದಿ, ನಮ್ಮವ್ವಗ ಕೊಳೆತ ಮೀನು ಕೊಟ್ಟು ಹೋದಿ. ಅನುಮಾನ ನಾವು ಪಡಬೇಕಿತ್ತು ನೋಡು" ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಅನ್ನುತ್ತಾಳೆ.

ಹುಟ್ಟಿನಿಂದ ಬಂದ ಈ ಗುಣ ಎರಡು ವರ್ಷದ ಹಿಂದೆ ಒಂದೇ ಒಂದು ಸಲ ಕೈಕೊಟ್ಟಿತ್ತು. ಅವನ ತಂಗಿ ಯಮನಮ್ಮ ಎಮ್ಮಿಗನೂರಿನವಳು. ಗಂಡ ಇಲ್ಲ. ಗದ್ದೆಯ ನೀರು ಕಾಲುವೆಗೆ ಇಳಿಯುವ ಬಾಯಿಗೆ ಬಿದಿರಿನ ಬುಟ್ಟಿ ಕಟ್ಟಿ, ಬಿದ್ದ ಸಣ್ಣ ಮೀನನ್ನು ಕಂಪ್ಲಿ ಸಂತೆಯಲ್ಲಿ ಮಾರಿ ಬದುಕುವವಳು. ಆ ವರ್ಷ ಸೊಳ್ಳೆ ಸಾಯಲಿ ಎಂದು ಕಾಲುವೆಗೆ ಏನೋ ಔಷಧ ಹೊಡೆಯಲು ಜೀಪಿನಲ್ಲಿ ಒಬ್ಬ ಸಾಹೇಬ ಬಂದ. "ಮೀನಿಗೆ ಏನೂ ಆಗಂಗಿಲ್ಲ" ಅಂದ. ಯಮನಮ್ಮ ಅಣ್ಣನ ಮುಖ ನೋಡಿದಳು. ನದಿಯಲ್ಲಿ ಹರಿಗೋಲು ಹಾಕಿ ನಲವತ್ತು ವರ್ಷ ಮೀನು ಹಿಡಿದ ಅಣ್ಣ, ಅವನಿಗಿಂತ ಬಲ್ಲವರು ಯಾರು? ಅವತ್ತು ಏನು ಗಾಳಿ ಬೀಸಿತ್ತೋ, ಹುಸೇನಪ್ಪ ತಲೆಯಾಡಿಸಿಬಿಟ್ಟ. ಮೂರನೇ ದಿನ ಕಾಲುವೆ ತುಂಬ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಆಮೇಲೆ ಒಂದು ಇಡೀ ಬೆಳೆಗಾಲ ಯಮನಮ್ಮನ ಬುಟ್ಟಿಗೆ ಒಂದು ಮೀನೂ ಬೀಳಲಿಲ್ಲ. ಜೀಪಿನ ಸಾಹೇಬನನ್ನು ಕೇಳೋಣವೆಂದರೆ ಆ ಮನುಷ್ಯ ಮತ್ತೆ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಅಣ್ಣನನ್ನು ಅವಳು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಂಡಿನೋವು ಹೆಚ್ಚಾಗಿ ಹರಿಗೋಲು ಬಿಟ್ಟ ಮೇಲೆ ಹುಸೇನಪ್ಪನಿಗೆ ಹೊಸಪೇಟೆಯ ಡ್ಯಾಮಿನ ರಸ್ತೆಯಲ್ಲಿ ಒಂದು ಕೆಲಸ ಸಿಕ್ಕಿತು. ತಗಡಿನ ಮಾಡಿನ ಉದ್ದನೆಯ ಕೋಣೆ. ಒಳಗೆ ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕಿ, ಅವುಗಳ ಮೇಲೆ ಔಷಧಗಳ ಪರೀಕ್ಷೆ ಮಾಡುವ ಜಾಗ. ಮೀನಿಗೆ ಮೇವು ಹಾಕುವುದು, ನೀರು ಬದಲಿಸುವುದು, ಸತ್ತದ್ದನ್ನು ಎತ್ತಿ ತೋರಿಸುವುದು ಇವನ ಪಾಲಿನ ಕೆಲಸ. ಅಲ್ಲಿನ ಯಜಮಾನಿಕೆ ಪಲ್ಲವಿ ಎಂಬ ಹುಡುಗಿಯದು. ಸಂಡೂರಿನವಳು, ಮೂವತ್ತೂ ಇರಲಿಕ್ಕಿಲ್ಲ. ಅಪ್ಪ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನಂತೆ. ಮೊದಲ ದಿನವೇ ಗೋಡೆಯ ಮೇಲಿನ ಚಿತ್ರ ತೋರಿಸಿ, "ಹುಸೇನಪ್ಪಣ್ಣ, ಈ ಕೋಣಿ ಒಳಗ ತಿನ್ನೋದು, ಕುಡಿಯೋದು, ಬೀಡಿ ಸೇದೋದು ಏನೂ ಇಲ್ಲ ನೋಡ್ರಿ" ಎಂದಳು. ಅವನು ಬೀಡಿ ಬಿಟ್ಟ. ಚಹಾಕ್ಕೆ ಹೊರಗೆ ಹೋದ. ಅಂಗೈಯಲ್ಲಿ ತಿಕ್ಕಿ ಕೆಳತುಟಿಯ ಒಳಗಿಡುವ ತಂಬಾಕು ಮಾತ್ರ ಹಾಗೇ ಉಳಿಯಿತು. ಅದು ತಿನ್ನುವುದೂ ಅಲ್ಲ, ಕುಡಿಯುವುದೂ ಅಲ್ಲ, ಸೇದುವುದಂತೂ ಅಲ್ಲವೇ ಅಲ್ಲ.

ಈ ಆಷಾಢದಲ್ಲಿ ಒಂದು ಹೊಸ ಪುಡಿ ಬಂತು. ಬೂದಿಬಣ್ಣ, ಹಿಟ್ಟಿನಂಥದ್ದು. ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನು ಅದು, ಸೊಳ್ಳೆಮರಿಗೆ ವಿಷ ಎಂದಳು ಪಲ್ಲವಿ. ಗದ್ದೆ, ಕಾಲುವೆಗಳಿಗೆ ಹಾಕುವ ಮೊದಲು ಮೀನಿಗೆ ಏನಾಗುತ್ತದೆಂದು ಮೂವತ್ತು ದಿನ ನೋಡಬೇಕು.

"ಸೊಳ್ಳಿಗೆ ವಿಷ, ಮೀನಿಗೆ ಅಲ್ಲ. ಅದ್ಹೆಂಗ್ರಿ ಮೇಡಮ್ಮಾರ? ವಿಷಕ್ಕ ಮುಖ ನೋಡಿ ಮಣೆ ಹಾಕಾಕ ಬರ್ತತೇನು?"

ಪಲ್ಲವಿ ನಕ್ಕಳು. "ಸೊಳ್ಳೆಮರಿ ಹೊಟ್ಟಿಯೊಳಗ ಅದು ಕರಗಿ, ಕರುಳಿಗೆ ಅಂಟಿ ತೂತು ಮಾಡ್ತದ. ಮೀನಿನ ಕರುಳಿಗೆ ಅಂಟಂಗಿಲ್ಲ, ಬ್ಯಾಳಿ ಜೀರ್ಣ ಆದಂಗ ಆಗಿ ಹೋಗ್ತದ ಅಂತ ಪುಸ್ತಕದಾಗ ಐತಿ."

"ಅಂದ್ರ ಏನೂ ಆಗಂಗಿಲ್ಲ ಅಂತೀರಿ."

"ನಾ ಎಲ್ಲಿ ಅಂದೆ? ಅದನ್ನ ನೋಡಾಕ ತಾನ ಇಷ್ಟೆಲ್ಲ."

ಏನೂ ಆಗಂಗಿಲ್ಲ. ಆ ಮಾತು ಕಿವಿಗೆ ಬಿದ್ದರೆ ಸಾಕು, ಹುಸೇನಪ್ಪನಿಗೆ ಕಾಲುವೆಯಲ್ಲಿ ತೇಲಿದ ಮೀನೇ ಕಣ್ಣಿಗೆ ಬರುತ್ತಿದ್ದವು. ಅದೂ ಅಲ್ಲದೆ ಈ ಪುಡಿ ಪಾಸಾದರೆ ಮೊದಲು ಹಾಕುವುದು ಎಮ್ಮಿಗನೂರಿನ ಕಾಲುವೆಗೇ ಎಂದು ಊರಲ್ಲಿ ಆಗಲೇ ಮಾತು ನಡೆದಿತ್ತು. ಊರವರು ಒಪ್ಪಿದರೆ ಮಾತ್ರ. ಊರವರಿಗೆ ಒಪ್ಪಲೂ ಆಸೆ. ಹೋದ ಮಳೆಗಾಲ ಯಮನಮ್ಮನ ಮೊಮ್ಮಗಳು ದುರ್ಗಾ ಮಲೇರಿಯಾ ಜ್ವರಕ್ಕೆ ಬಳ್ಳಾರಿ ಆಸ್ಪತ್ರೆಯಲ್ಲಿ ಎಂಟು ದಿನ ಕಣ್ಣು ಬಿಟ್ಟಿರಲಿಲ್ಲ. ಸೊಳ್ಳೆ ಹೋಗಬೇಕು, ಮೀನು ಉಳಿಯಬೇಕು. ಯಮನಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಯಣ್ಣಾ, ಈ ಸಲ ನೀ ಒಳಗ ಅದೀ. ಕಣ್ಣಾರೆ ನೋಡಿ ಹೇಳು. ನೀ ಹ್ಞೂಂ ಅಂದ್ರ ನಾ ಹ್ಞೂಂ, ನೀ ಬ್ಯಾಡ ಅಂದ್ರ ನಾ ಬ್ಯಾಡ ಅಂತೀನಿ." ಎರಡು ವರ್ಷದ ಹಿಂದಿನ ತಲೆಯಾಡಿಕೆ ಹುಸೇನಪ್ಪನ ಕೊರಳಿಗೆ ಮತ್ತೆ ಸುತ್ತಿಕೊಂಡಿತು.

ಪರೀಕ್ಷೆ ಶುರುವಾಯಿತು. ಕಡಪ ಕಲ್ಲಿನ ಉದ್ದನೆಯ ಕಟ್ಟೆಯ ಮೇಲೆ ಎಂಟು ತೊಟ್ಟಿ, ಒಂದೊಂದಕ್ಕೂ ಒಂದು ಕೊಡ ನೀರು, ಹದಿನೈದು ಕಾಟ್ಲಾ ಮೀನಿನ ಮರಿ, ಮೇಲೆ ಬಲೆಯ ಮುಚ್ಚಳ. ನಾಲ್ಕಕ್ಕೆ ಪುಡಿ, ನಾಲ್ಕಕ್ಕೆ ಬರೀ ನೀರು. ಯಾವುದಕ್ಕೆ ಯಾವುದು ಎಂದು ಪಲ್ಲವಿ ಚೀಟಿ ಎತ್ತಿ, ಕೋಣೆಯಲ್ಲಿ ಒಬ್ಬಳೇ ನಿಂತು ಬೆರೆಸಿ, ಬರೆದ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿದಳು. ನೋಡಿಕೊಳ್ಳುವವನಿಗೆ ಗೊತ್ತಿರಬಾರದಂತೆ. ಗೊತ್ತಾದರೆ ಕಣ್ಣು ಒಂದು ಕಡೆ ವಾಲುತ್ತದಂತೆ.

ಗೊತ್ತಿರಬಾರದು ಅಂದರೆ? ಹುಸೇನಪ್ಪ ಬಿಟ್ಟಾನೆಯೇ? ಓಣಿಯ ಮೋರಿಯಿಂದ ಸೊಳ್ಳೆಮರಿಗಳನ್ನು ಚಹಾ ಸೋಸುವ ಜರಡಿಯಲ್ಲಿ ಹಿಡಿದು ಬಾಟಲಿಯಲ್ಲಿ ತಂದ. ಪಲ್ಲವಿ ಊಟಕ್ಕೆ ಹೋದಾಗ ಎಂಟು ತೊಟ್ಟಿಯ ನೀರನ್ನೂ ಎಂಟು ಪ್ಲಾಸ್ಟಿಕ್ ಲೋಟಗಳಲ್ಲಿ ಹಿಡಿದು, ಒಂದೊಂದಕ್ಕೆ ಹತ್ತು ಮರಿ ಬಿಟ್ಟು, ಹಿತ್ತಲಿನ ಪೊದೆಯ ಹಿಂದೆ ಬಚ್ಚಿಟ್ಟ. ಮರುದಿನ ಬೆಳಿಗ್ಗೆ ನೋಡಿದರೆ ಒಂದು, ಎರಡು, ಆರು, ಏಳನೇ ಲೋಟದಲ್ಲಿ ಮರಿಗಳು ಸತ್ತು ತಳ ಸೇರಿದ್ದವು. ಮೂರು, ನಾಲ್ಕು, ಐದು, ಎಂಟರಲ್ಲಿ ಕುಣಿಯುತ್ತಿದ್ದವು. ಭಲೇ ಹುಸೇನಪ್ಪ! ಓದಿದವಳು ಲಕೋಟೆಯಲ್ಲಿ ಮುಚ್ಚಿಟ್ಟದ್ದನ್ನು ಹೆಬ್ಬೆಟ್ಟಿನವನು ಮೋರಿಯ ಹುಳದಿಂದ ತೆಗೆದುಬಿಟ್ಟ. ಇಡೀ ದಿನ ಮೀಸೆಯಲ್ಲೇ ನಕ್ಕ, ಯಾರಿಗೂ ಹೇಳಲಿಲ್ಲ.

ಅಂದಿನಿಂದ ಪುಡಿಯ ತೊಟ್ಟಿಗಳ ಹತ್ತಿರ ಸುಳಿಯುವಾಗ ಎರಡೆರಡು ಕೈಗವಸು ಹಾಕುವುದು, ಮೂಗಿಗೆ ಟವೆಲು ಕಟ್ಟುವುದು, ಮೇವು ಹಾಕಿ ಓಡಿಬರುವುದು. ತನ್ನ ಸ್ಟೂಲನ್ನು ಎತ್ತಿ ಬರೀ ನೀರಿನ ಮೂರು, ನಾಲ್ಕು, ಐದರ ಮುಂದೆ, ಸರಿಯಾಗಿ ನಾಲ್ಕರ ಎದುರು ಹಾಕಿಕೊಂಡ. ವಿಷದ ಪಕ್ಕ ಕೂರುವ ಕರ್ಮ ಯಾರಿಗೆ ಬೇಕು? ಅಲ್ಲಿ ಕೂತು, ಡಬ್ಬಿ ತೆಗೆದು, ಅಂಗೈಯಲ್ಲಿ ಚಿಟಿಕೆ ತಂಬಾಕು, ಉಗುರಿನಷ್ಟು ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ಕಿ, ಚಟಪಟ ತಟ್ಟಿ ತುಟಿಗಿಟ್ಟು, ಆ ಕಡೆಯ ಪುಡಿ ತೊಟ್ಟಿಯ ಮೀನುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಇವತ್ತು ತೇಲುತ್ತವೆ, ನಾಳೆ ತೇಲುತ್ತವೆ.

ಎಂಟನೇ ದಿನ ಮೀನು ತೇಲಿದವು. ಆದರೆ ನಾಲ್ಕನೇ ತೊಟ್ಟಿಯಲ್ಲಿ!

ಹುಸೇನಪ್ಪ ಸತ್ತ ಮರಿಗಳನ್ನು ತಟ್ಟೆಯಲ್ಲಿಟ್ಟು ಪಲ್ಲವಿಗೆ ತೋರಿಸಿದ. ಅವಳು ಹುಬ್ಬು ಗಂಟಿಕ್ಕಿ ಬರೆದುಕೊಂಡಳು. ಮರುದಿನ ನಾಲ್ಕರಲ್ಲಿ ಮತ್ತೆ ಎರಡು, ಮೂರರಲ್ಲಿ ಒಂದು. ಹನ್ನೊಂದನೇ ದಿನ ಐದರಲ್ಲೂ ಒಂದು ಅಡ್ಡಬಿತ್ತು. ಪುಡಿಯ ತೊಟ್ಟಿಗಳಲ್ಲಿ ಒಂದೂ ಸಾಯಲಿಲ್ಲ. ಅಲ್ಲಿನ ಮೀನು ಮೇವಿಗೆ ಹಾರಿ ಹಾರಿ ಬರುತ್ತಿದ್ದವು. ಬರೀ ನೀರಿನ ಎಂಟನೇ ತೊಟ್ಟಿಯೂ ನೆಟ್ಟಗಿತ್ತು. ಇದೆಂಥ ಲೆಕ್ಕ?

ಅನುಮಾನದವನಿಗೆ ಉತ್ತರ ಹುಡುಕುವುದು ಕಷ್ಟವೇ? ಇವಳೇ ಅದಲು ಬದಲು ಮಾಡಿದ್ದಾಳೆ, ವಿಷದ ಮೀನನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹಾಕಿದ್ದಾಳೆ, ಪುಡಿ ಪಾಸಾಗಬೇಕಲ್ಲ! ತಗಡಿನ ಕೋಣೆಯಲ್ಲಿ ಮೂರು ತಿಂಗಳಿಂದ ಇವನಿಗೆ ಊಟದ ಡಬ್ಬಿಯಿಂದ ಪಲ್ಯ ಹಂಚಿದ ಹುಡುಗಿ, ಒಂದೇ ದಿನದಲ್ಲಿ ಆ ಜೀಪಿನ ಸಾಹೇಬನ ತಂಗಿಯಾಗಿಬಿಟ್ಟಳು. ಸಂಜೆ ಹೋಗುವಾಗ ಒಂದೊಂದು ಮುಚ್ಚಳಕ್ಕೂ ತನ್ನ ಪಂಚೆಯ ಒಂದೊಂದು ನೂಲು ಸಿಕ್ಕಿಸಿ ಹೋದ. ಬೆಳಿಗ್ಗೆ ನೂಲುಗಳು ಇದ್ದಲ್ಲೇ ಇದ್ದವು. ಅದರಿಂದ ಅನುಮಾನ ಕಡಿಮೆಯಾಗಬೇಕಿತ್ತು. ನೂಲನ್ನು ನೋಡಿ ಹಾಗೇ ವಾಪಸು ಸಿಕ್ಕಿಸುವಷ್ಟು ಚಾಲಾಕಿ ಇದ್ದಾಳೆ ಎಂದುಕೊಂಡ.

ಮತ್ತೆ ಮೋರಿಗೆ ಹೋದ. ನಾಲ್ಕನೇ ತೊಟ್ಟಿಯ ನೀರಿಗೆ ಸೊಳ್ಳೆಮರಿ ಬಿಟ್ಟ. ಹೋದ ಸಲ ಕುಣಿದ ನೀರಲ್ಲೇ ಈ ಸಲ ಹತ್ತೂ ಸತ್ತವು. ಇನ್ನೇನು ಸಾಕ್ಷಿ ಬೇಕು? ಈಗ ಇದಕ್ಕೂ ವಿಷ ಸುರಿದಿದ್ದಾಳೆ! ಹಿತ್ತಲಲ್ಲಿ ನಿಂತೇ ಫೋನು ಹಚ್ಚಿದ.

"ಯಮನೀ, ಅದು ಖರೇನ ವಿಷ ಐತಿ. ಮೀನು ಸಾಯಾಕ ಹತ್ಯಾವ. ಮುಚ್ಚಿಡಾಕ ಹತ್ಯಾರ. ಒಪ್ಪಬ್ಯಾಡ್ರಿ."

"ನೀ ಕಣ್ಣಾರೆ ನೋಡೀದೇನು?"

"ಕೈಯಾರೆ ಎತ್ತೀನಿ."

ಆ ಭಾನುವಾರ ಎಮ್ಮಿಗನೂರಿನ ಹನುಮಪ್ಪನ ಗುಡಿಕಟ್ಟೆಯ ಮೇಲೆ ಊರ ಹಿರಿಯ ಪಾಲಯ್ಯ ಜನ ಸೇರಿಸಿದ್ದ. ಯಮನಮ್ಮ ಎದ್ದು ನಿಂತು, ನಮ್ಮಣ್ಣ ಹೇಳ್ಯಾನ, ಪುಡಿ ಬ್ಯಾಡ ಎಂದಳು. ಊರು ಬೇಡವೆಂದಿತು ಎಂಬ ಸುದ್ದಿ ಸೋಮವಾರ ಪಲ್ಲವಿಗೆ ಮುಟ್ಟಿತು.

ಅವಳು ಕೂಗಾಡಲಿಲ್ಲ. ಸ್ಟೂಲಿನ ಮುಂದೆ ಬಂದು ನಿಂತು, "ಹುಸೇನಪ್ಪಣ್ಣ, ಏನು ಹೇಳೀರಿ ಊರಾಗ?" ಎಂದಳು.

ಹುಸೇನಪ್ಪನ ಪಿತ್ತ ನೆತ್ತಿಗೇರಿತು. "ಇದ್ದದ್ದ ಹೇಳೀನಿ! ಬರೀ ನೀರಿನ ತೊಟ್ಟಿಗೆ ನೀವು ವಿಷ ಹಾಕೀರಿ. ನನ್ನ ಹತ್ರ ಸಾಕ್ಷಿ ಐತಿ" ಎಂದು ಲೋಟ, ಸೊಳ್ಳೆಮರಿ, ನೂಲು ಎಲ್ಲ ಒಂದೇ ಉಸಿರಿಗೆ ಬಿಚ್ಚಿಟ್ಟ. ಪಲ್ಲವಿ ಸೀದಾ ಮೇಜಿಗೆ ಹೋದಳು. ಲಕೋಟೆ ಹರಿದು ಕಾಗದ ನೋಡಿದಳು. ಪುಡಿ ಹಾಕಿದ್ದು ಒಂದು, ಎರಡು, ಆರು, ಏಳಕ್ಕೇ.

"ಅಯ್ಯ ಶಿವನ! ಸೊಳ್ಳೆಮರಿ ಬಿಟ್ಟು ಕಂಡುಹಿಡಿದ್ರ್ಯಾ?" ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೋತು ನೋಡ್ರಿ, ಈ ಪರೀಕ್ಷೆ ಪೂರಾ ಹೋತು. ಬರೀ ನೀರಿನೊಳಗ ಇಷ್ಟು ಸತ್ರ ಇದನ್ನ ಯಾರೂ ಒಪ್ಪಂಗಿಲ್ಲ. ಪುಡಿ ಪಾಸೂ ಆಗಂಗಿಲ್ಲ, ಫೇಲೂ ಆಗಂಗಿಲ್ಲ. ನಾ ವಿಷ ಹಾಕಿ ನನ್ನ ಕೆಲಸ ನಾನ ಕೆಡಿಸ್ಕೊಳ್ಳಲೇನು?"

ಆ ಮಾತು ಅವನಿಗೆ ನಾಟಲಿಲ್ಲ ಎಂದಲ್ಲ. ಆದರೆ ಅಷ್ಟಕ್ಕೆ ಸೋಲುವವನೂ ಅಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಹಳೆಯದನ್ನೆಲ್ಲ ತೆಗೆಯೋಣ. ತೊಳೆದ ಎರಡು ತೊಟ್ಟಿಗೆ ಒಂದೇ ಕೊಳವೆಯ ನೀರು, ಒಂದೇ ಹಿಂಡಿನ ಮರಿ. ಎರಡಕ್ಕೂ ಪುಡಿ ಬೇಡ, ಅದರ ಡಬ್ಬಿ ಬೀರುವಿನಲ್ಲಿಟ್ಟು ಕೀಲಿ ನೀವೇ ಇಟ್ಟುಕೊಳ್ಳಿ. ಒಂದು ತೊಟ್ಟಿ ನಾಲ್ಕರ ಜಾಗದಲ್ಲಿ, ನಿಮ್ಮ ಕಣ್ಣ ಮುಂದೆ. ಇನ್ನೊಂದು ಆ ತುದಿಯ ಸಣ್ಣ ಕೋಣೆಯಲ್ಲಿ. ಅದರ ಕೀಲಿಯೂ ನಿಮ್ಮದೇ. ದಿನಕ್ಕೊಮ್ಮೆ ಹೋಗಿ ಮೇವು ಹಾಕಿ ಬನ್ನಿ. ನಾನು ಒಳಗೆ ಕಾಲಿಡುವುದಿಲ್ಲ.

ಹುಸೇನಪ್ಪ ಕಂಪ್ಲಿಯಿಂದ ತನ್ನದೇ ಬೀಗಗಳನ್ನು ತಂದ. ಅವಳ ಬೀಗವನ್ನು ನಂಬುವುದುಂಟೆ? ಬೆಳಿಗ್ಗೆ ಒಂಬತ್ತಕ್ಕೆ ಬಂದು ನಾಲ್ಕನೇ ಜಾಗದ ಮುಂದೆ ಕೂತರೆ ಸಂಜೆ ಆರಕ್ಕೆ ಬೀಗ ಜಡಿದು ಏಳುವುದು. ಚಹಾಕ್ಕೂ ಹೋಗಲಿಲ್ಲ. ಚಹಾ ಇಲ್ಲದ್ದಕ್ಕೆ ಡಬ್ಬಿ ಹೆಚ್ಚು ಸಲ ಹೊರಗೆ ಬಂತು. ಮೂರು ದಿನ ಮರಿಗಳು ಆಡಿಕೊಂಡಿದ್ದವು. ನೋಡಿದಿರಾ, ನಾನು ಕಾದರೆ ಒಂದೂ ಸಾಯುವುದಿಲ್ಲ ಎಂದು ಮನಸ್ಸಿನಲ್ಲೇ ಪಲ್ಲವಿಗೆ ಸವಾಲು ಹಾಕಿದ.

ನಾಲ್ಕನೇ ದಿನ ಎರಡು ಸತ್ತವು. ಐದನೇ ದಿನ ಮೂರು.

ಆ ತುದಿಯ ಕೋಣೆಗೆ ಓಡಿದ. ಬೀಗ ತೆಗೆದ. ಅಲ್ಲಿ ಹದಿನೈದಕ್ಕೆ ಹದಿನೈದೂ ಬಾಲ ಬಡಿಯುತ್ತ ಮೇಲೆ ಬಂದವು.

ವಾಪಸು ಬಂದು ಸ್ಟೂಲಿನ ಮೇಲೆ ಕುಸಿದ. ಯಾರು ಬಂದಿದ್ದರು? ಪಲ್ಲವಿ ಬಂದಿಲ್ಲ. ಗೋಡೆಗೆ ಕಿಂಡಿಯಿಲ್ಲ. ಬೀಗ ನನ್ನದು, ಕೀಲಿ ನನ್ನ ಉಡಿದಾರದಲ್ಲಿದೆ. ಬೆರಳು ಮಡಚಿ ಒಬ್ಬೊಬ್ಬರನ್ನೇ ಬಿಟ್ಟುಕೊಂಡು ಬಂದ. ಕಡೆಗೆ ಮಡಚಲು ಒಂದು ಬೆರಳೂ ಉಳಿಯಲಿಲ್ಲ. ಯೋಚನೆ ಹತ್ತಿದಾಗ ಕೈ ತನ್ನಷ್ಟಕ್ಕೆ ತಾನೇ ಡಬ್ಬಿಗೆ ಹೋಗುತ್ತದೆ, ಹೋಯಿತು. ತಿಕ್ಕಿದ. ತಟ್ಟಿದ. ಅಷ್ಟೊತ್ತಿಗೆ ಮೋಡ ಸರಿದು ಕಿಟಕಿಯಿಂದ ಬಿಸಿಲು ಕೋಲಾಗಿ ಒಳಬಿದ್ದಿತ್ತು. ಆ ಬಿಸಿಲಲ್ಲಿ ಅವನ ಅಂಗೈಯಿಂದೆದ್ದ ಕಂದು ಧೂಳು ಸಣ್ಣಗೆ ತೇಲಿ, ನಿಧಾನವಾಗಿ ತೊಟ್ಟಿಯ ಬಲೆಯ ಮೇಲೆ ಇಳಿಯಿತು. ಬಲೆಯ ಕಣ್ಣಿನೊಳಗಿಂದ ನೀರಿಗೆ ಇಳಿಯಿತು.

ಹುಸೇನಪ್ಪ ಅಂಗೈ ಚಾಚಿಕೊಂಡು ಹಾಗೇ ಕೂತುಬಿಟ್ಟ.

ಆದರೂ ಅವನು ಹುಸೇನಪ್ಪ. ತನ್ನ ಮೇಲಿನ ಅನುಮಾನವನ್ನೂ ಸುಮ್ಮನೆ ನಂಬಲಿಲ್ಲ. ಎರಡು ಲೋಟ ತಂದ, ಎರಡಕ್ಕೂ ಕೊಳವೆ ನೀರು, ಸೊಳ್ಳೆಮರಿ. ಒಂದರ ಮೇಲೆ ನಾಲ್ಕು ಸಲ ತಂಬಾಕು ತಿಕ್ಕಿ ತಟ್ಟಿದ. ಮರುದಿನ ಆ ಲೋಟದಲ್ಲಿ ಒಂದೂ ಅಲುಗಲಿಲ್ಲ. ಪಕ್ಕದ ಲೋಟದಲ್ಲಿ ಕುಣಿದಾಡುತ್ತಿದ್ದವು. ಎರಡೂ ಲೋಟಗಳನ್ನು ಹಿಡಿದು ಪಲ್ಲವಿಯ ಮೇಜಿನ ಮೇಲಿಟ್ಟ. ಪಕ್ಕದಲ್ಲಿ ತಂಬಾಕಿನ ಡಬ್ಬಿ.

"ಇದರೊಳಗ ಏನೈತಿ?" ಎಂದಳು ಅವಳು.

"ನಿಮ್ಮ ಮೀನು ಕೊಂದಾವ ಐದಾನ್ರಿ" ಎಂದ. "ವಿಷದ ಹತ್ರ ಕುಂದ್ರಬಾರದು ಅಂತ ಒಳ್ಳೆ ನೀರಿನ ಮುಂದ ಕುಂತೆ. ನಾ ಕುಂತದ್ದಕ್ಕ ಸತ್ವು. ಎಂಟನೇದು ದೂರ ಇತ್ತು, ಉಳೀತು. ನಿಮಗ ಬಾಯಿಗೆ ಬಂದಂಗ ಅಂದ್ನೆವ್ವಾ."

ಪಲ್ಲವಿ ಡಬ್ಬಿ ಮೂಸಿದಳು, ಲೋಟ ನೋಡಿದಳು. "ತಂಬಾಕು ಮೀನಿಗೆ ಭಾಳ ಕೆಟ್ಟ ವಿಷ. ದಿನಾ ವಾಸನಿ ಬರ್ತಿತ್ತು, ನಾನೂ ಕೇಳ್ಲಿಲ್ಲ. ಗೋಡಿ ಮ್ಯಾಲೆ ಅದರ ಚಿತ್ರಾನೂ ಹಾಕಿಲ್ಲ" ಎಂದಳು. ಪೆನ್ನು ಕೈಗೆತ್ತಿಕೊಂಡು, "ವರದಿಯೊಳಗ ಬರೀಬೇಕು. ಯಾರ ಕೈಯಿಂದ ಅಂತ ಬರೀಲಿ?"

"ನನ್ನ ಹೆಸರ ಬರೀರಿ. ಹೆಬ್ಬೆಟ್ಟು ಒತ್ತೀನಿ."

ಎಮ್ಮಿಗನೂರಿಗೆ ತಾನೂ ಬರುತ್ತೇನೆಂದಳು ಪಲ್ಲವಿ. ಅವನು ಬೇಡವೆಂದ. ಕೆಡಿಸಿದವನು ಒಬ್ಬನೇ ಹೋಗಬೇಕು. ಮರುದಿನ ಬೆಳಗಿನ ಬಸ್ಸನ್ನು ಯಾರನ್ನೂ ಕೇಳದೆ ಹತ್ತಿದ. ಅದು ದರೋಜಿಯ ಕಡೆ ಹೊರಟಿತ್ತು. ಅರ್ಧ ದಾರಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಊರು ಮುಟ್ಟುವ ಹೊತ್ತಿಗೆ ಫೋನಿನಲ್ಲಿ ಹೇಳಿಟ್ಟಂತೆ ಪಾಲಯ್ಯ ಮತ್ತು ನಾಲ್ಕು ಜನ ಗುಡಿಕಟ್ಟೆಯ ಮೇಲೆ ಕಾದಿದ್ದರು. ಯಮನಮ್ಮ ಜೀವಂತ ಮೀನಿನ ಕೊಡ ಪಕ್ಕದಲ್ಲಿಟ್ಟುಕೊಂಡು ಸಂತೆಗೆ ಹೊರಟವಳು ನಿಂತಿದ್ದಳು.

ಹುಸೇನಪ್ಪ ಕೂರಲಿಲ್ಲ. ಅಂಗೈ ಮುಂದೆ ಚಾಚಿ ತಿಕ್ಕಿ ತೋರಿಸಿದ, ತಟ್ಟಿ ತೋರಿಸಿದ. ಒಂದು ಮಾತನ್ನೂ ನುಂಗಿಕೊಳ್ಳಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಅವನಿಗೆ ಮುಖ ಮುಚ್ಚಿಕೊಂಡು ಕಾಲುವೆಗೆ ಹಾರಬೇಕೆನಿಸಿತು. ಆದರೂ ನಿಂತ.

"ಹಂಗಾರ ಪುಡಿ ಒಳ್ಳೇದು ಅನ್ನು. ಮೀನಿಗೆ ಏನೂ ಆಗಂಗಿಲ್ಲ?" ಎಂದ ಪಾಲಯ್ಯ.

"ಆ ಮಾತು ನನ್ನ ಬಾಯಾಗಿಂದ ಬರಂಗಿಲ್ಲ ಮಾವಾ. ನನಗ ಗೊತ್ತಿಲ್ಲ. ಹೊಸದಾಗಿ ಮೂವತ್ತು ದಿನ ನೋಡ್ತಾರ. ನಾ ದೂರ ಕುಂದ್ರತೀನಿ. ಅಲ್ಲೀತನಕ ಹ್ಞೂಂನೂ ಅನಬ್ಯಾಡ್ರಿ, ಬ್ಯಾಡಾನೂ ಅನಬ್ಯಾಡ್ರಿ."

ಜನ ಗುಜುಗುಜು ಮಾಡುತ್ತ ಎದ್ದರು. ಹುಸೇನಪ್ಪ ತಂಗಿಯ ಕಡೆ ತಿರುಗಿದ. "ಎರಡು ಸಲ ತಪ್ಪು ಹೇಳಿದ್ನಲ್ಲೇ ಯಮನೀ."

"ಹೌದು" ಎಂದಳು ಯಮನಮ್ಮ. "ಆವತ್ತು ಕಾಲುವಿ ತುಂಬ ಮೀನು ಸತ್ವು. ಜೀಪಿನಾವ ಬಂದು, ಯವ್ವಾ, ನನ್ನಿಂದ ಆತು ಅಂದಿದ್ರ ನಾ ಎರಡು ಬೈದು ಸುಮ್ಮನಾಗ್ತಿದ್ದೆ. ಎರಡು ವರ್ಷ ದಾರಿ ನೋಡೀನಿ. ಹಂಗ ಬಂದು ನಿಂತಾವ ನೀ ಒಬ್ಬನ ನೋಡಣ್ಣಾ."

ಅವನು ಅವಳ ಕೊಡವನ್ನು ಎತ್ತಿಕೊಡಲು ಬಗ್ಗಿದ. ಯಮನಮ್ಮ ಗಕ್ಕನೆ ಅವನ ಕೈ ಹಿಡಿದಳು. ಅಂಗೈ ಬಿಡಿಸಿ ಮೂಗಿನ ಹತ್ತಿರ ತಂದು ಮೂಸಿದಳು. ಗುಡಿಯ ಮುಂದಿನ ನಳದ ಕಡೆ ಕೈ ತೋರಿಸಿದಳು. ಹುಸೇನಪ್ಪ ಹೋಗಿ ಮೊಣಕೈ ತನಕ ತೊಳೆದುಕೊಂಡು ಬಂದ. ಅವಳು ಮತ್ತೆ ಮೂಸಿದಳು.

"ಇನ್ನೊಮ್ಮೆ ತೊಳಕೊಂಡು ಬಾ" ಎಂದಳು. ಅವನು ನಳದ ಕಡೆ ನಡೆದ.